ಗುರುವಾರದ ತೂತುಗಳು

ಮೊದಲು ಧೊಪ್ಪೆಂದು ಒಂದು ಮೆತ್ತನೆಯ ಸದ್ದು, ಹಿಟ್ಟಿನ ಚೀಲವನ್ನು ನೆಲಕ್ಕೆ ಕುಕ್ಕಿದ ಹಾಗೆ. ಸ್ವಲ್ಪ ತಡೆದು, ಬಳೆಚೂರೊಂದು ಟೈಲ್ಸಿನ ಮೇಲೆ ಉರುಳುತ್ತಾ ಹೋಗಿ ಎಲ್ಲೋ ಮೂಲೆಯಲ್ಲಿ ನಿಂತ ಸಣ್ಣ ಕಿಣಿ. ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ ಮಧುಮತಿಗೆ ಕೇಳಿಸುತ್ತಿದ್ದದ್ದು ಇಷ್ಟೇ. ಅಳುವಿಲ್ಲ, ಬೈಗುಳವಿಲ್ಲ. ಮೇಲಿನ ಮನೆಯ ಸುಮಿತ್ರಾ ಅಳುವವಳಲ್ಲ. ಅವಳ ಗಂಡ ರಾಜಶೇಖರ ಬೈಯುವವನೂ ಅಲ್ಲ. ಬೆಳಗ್ಗೆ ಮೆಟ್ಟಿಲಲ್ಲಿ ಎದುರಾದರೆ "ನಮಸ್ಕಾರ್ರೀ ಅಕ್ಕಾರ" ಎಂದು ಗೋಡೆಗೆ ಒತ್ತಿ ನಿಂತು ದಾರಿ ಬಿಡುವ ಮನುಷ್ಯ.

ಮಧುಮತಿ ಎದ್ದು ಕೂರುತ್ತಿದ್ದಳು. ಗಂಡ ಗುರುಶಾಂತ ರೈಲಿನ ಎಂಜಿನ್ ನಡೆಸುವವನು. ಮನೆಯಲ್ಲಿ ಮಲಗಿದ್ದಕ್ಕಿಂತ ಮೀರಜ್, ಗುಂತಕಲ್ಲುಗಳ ರನ್ನಿಂಗ್ ರೂಮಿನಲ್ಲಿ ಮಲಗಿದ್ದೇ ಹೆಚ್ಚು. ಪಕ್ಕದ ಕೋಣೆಗೆ ಹೋದರೆ ಮಾವ ಚನ್ನವೀರಪ್ಪ ಮಾಸ್ತರು ಕಣ್ಣು ತೆರೆದುಕೊಂಡು ಛಾವಣಿಯನ್ನೇ ನೋಡುತ್ತಿರುತ್ತಿದ್ದರು. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಡಿಸಿದವರು ಅವರು. ಪಾರ್ಶ್ವವಾಯು ಬಡಿದು ಮಾತೆಲ್ಲ ಹೋಗಿ, ಅದು ಹೇಗೋ ಒಂದೇ ಒಂದು ಶಬ್ದ ಬಾಯಲ್ಲಿ ಉಳಿದುಬಿಟ್ಟಿತ್ತು. ಹಸಿವಾದರೂ ಅದೇ, ನೋವಾದರೂ ಅದೇ.

"ವಿಶ್ರಾಮ್," ಎನ್ನುತ್ತಿದ್ದರು, ಒಳ್ಳೆಯ ಕೈಯ ಬೆರಳನ್ನು ಛಾವಣಿಯತ್ತ ಎತ್ತಿ.

"ಹೌದ್ರಿ ಮಾವಾರ, ಕೇಳಿಸ್ತು. ನಮಗ್ಯಾಕ, ಮಲಕೋರಿ," ಎಂದು ಮಧುಮತಿ ಫ್ಯಾನನ್ನು ಇನ್ನಷ್ಟು ಜೋರು ಮಾಡುತ್ತಿದ್ದಳು. ಫ್ಯಾನಿನ ಗರಗರದಲ್ಲಿ ಮೇಲಿನ ಸದ್ದು ಮುಳುಗುತ್ತಿತ್ತು. ಗ್ಯಾಸು ಬಂದ್ ಆಗಿದೆಯೇ ಎಂದು ಮೂರು ಸಲ ನೋಡಿ ಮಲಗುವ ಹೆಂಗಸು ಅವಳು. ಬೇರೆಯವರ ಬೆಂಕಿಗೆ ಕೈ ಹಾಕುವ ಎದೆ ಅವಳಿಗಿರಲಿಲ್ಲ.

ಹಗಲು ಅವಳ ಕೆಲಸ ಊರ ಹೊರಗಿನ 'ಪಟಲ' ಕಂಪನಿಯ ಪ್ರಯೋಗಾಲಯದಲ್ಲಿ. ಹಿಂದೆ ಸಿನಿಮಾದವರು ನಟರ ಹಿಂದೆ ಹಸಿರು ಬಟ್ಟೆ ಕಟ್ಟಿ, ಆ ಹಸಿರಿದ್ದ ಕಡೆಯೆಲ್ಲ ತಮಗೆ ಬೇಕಾದ ದೃಶ್ಯ ತುಂಬುತ್ತಿದ್ದರಷ್ಟೆ. ಕಾಲ ಕಳೆದ ಹಾಗೆ ಮನೆಯೇ ಕಚೇರಿಯಾಯಿತು, ಮನೆಯೇ ಕಾಲೇಜಾಯಿತು, ಸಣ್ಣಪುಟ್ಟ ಖಟ್ಲೆಗಳ ವಿಚಾರಣೆ ಕೂಡ ಅಡುಗೆಮನೆಯ ಮೂಲೆಯಿಂದಲೇ ನಡೆಯತೊಡಗಿತು. ಎಲ್ಲರಿಗೂ ತಂತಮ್ಮ ಗೋಡೆಯನ್ನು, ಗೋಡೆಯ ಮುಂದಿನ ಬಾಳನ್ನು ಮರೆಮಾಡುವುದು ಬೇಕಾಯಿತು. ಹಸಿರು ಬಟ್ಟೆಯಿಂದ ಅದು ಆಗದ ಮಾತು. ಅದಕ್ಕೆ ಝಗಝಗಿಸುವ ದೀಪ ಬೇಕು. ಮೇಲಾಗಿ ಕುಬಸದ ಹಸಿರು ಸೀರೆ ಉಟ್ಟ ಬಸುರಿಯೊಬ್ಬಳು ಕ್ಯಾಮೆರಾದ ಮುಂದೆ ಕೂತರೆ ಮೈಯೆಲ್ಲ ಮಾಯವಾಗಿ ಬರೀ ತಲೆ ಉಳಿಯುತ್ತಿತ್ತು.

ಪಟಲದವರು ಬೇರೆ ದಾರಿ ಹಿಡಿದರು. ಎಮು ಹಕ್ಕಿಯ ಕಡುಹಸಿರು ತತ್ತಿಯ ಚಿಪ್ಪಿನಲ್ಲಿ ಬಿಲಿವರ್ಡಿನ್ ಎಂಬ ವರ್ಣದ್ರವ್ಯವಿದೆ. ಅದನ್ನು ತಕ್ಕ ಪ್ರೋಟೀನಿನ ಜೊತೆ ಬೆಸೆದರೆ, ಕೆಂಪು ಬೆಳಕು ಬಿದ್ದಾಗ ಅದು ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಮಂದ ಬೆಳಕನ್ನು ತಿರುಗಿ ಬೀರುತ್ತದೆ. ಆ ದ್ರವ್ಯವನ್ನು ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾದಿಂದ ಬೆಳೆಸಿ, ಸುಣ್ಣದಂಥ ಬಣ್ಣವಾಗಿ ಮಾರಿದರು. ಗೋಡೆಗೆ ಬಳಿದರೆ ನೋಡುವವರಿಗೆ ಬರೀ ಮಾಸಲು ಬಿಳಿ. ಕ್ಯಾಮೆರಾ ಮಾತ್ರ ಆ ಕಾಣದ ಬೆಳಕನ್ನು ಗುರುತಿಸಿ, ಅದು ಬಂದಲ್ಲೆಲ್ಲ ಸಮುದ್ರವನ್ನೋ ಪುಸ್ತಕದ ಕಪಾಟನ್ನೋ ಕೂರಿಸುತ್ತಿತ್ತು. ಚಿಮಣಿ ಬೆಳಕಿದ್ದರೂ ಸಾಕು. ಜನ ಅದಕ್ಕೆ ತತ್ತಿ ಬಣ್ಣ ಎಂದು ಹೆಸರಿಟ್ಟರು. ಮೂರು ದೀಪಾವಳಿ ಕಳೆಯುವಷ್ಟರಲ್ಲಿ ತತ್ತಿ ಬಣ್ಣವಿಲ್ಲದ ಮನೆಯೇ ಇಲ್ಲವೆನ್ನುವಂತಾಯಿತು.

ಆಮೇಲೆ ತೂತಿನ ದೂರುಗಳು ಬರತೊಡಗಿದವು. ಮಾತಾಡುತ್ತಿದ್ದವರ ಮೈಯಲ್ಲೇ ಅಲ್ಲಲ್ಲಿ ತೂತು ಬಿದ್ದು, ಅದರೊಳಗಿಂದ ಹಿಂದಿನ ದೃಶ್ಯ ಕಾಣುತ್ತದೆ ಎಂದು.

"ಒಬ್ಬಾಕಿ ಕುತ್ತಿಗ್ಯಾಗ ಹಿಮಾಲಯ ಕಾಣ್ಲಿಕ್ಕತ್ತದ ನೋಡ್ರಿ," ಎಂದು ನಕ್ಕರು ಮುಖ್ಯಸ್ಥ ಇನಾಮದಾರರು. "ಟಿಕೆಟ್ ಇಲ್ಲದ ಪ್ರವಾಸ! ಮಧುಮತಿಯವರ, ಇದನ್ನ ನೀವು ನೋಡ್ಕೋರಿ. ನಿಮ್ಮ ಕಣ್ಣು ಸೂಕ್ಷ್ಮ."

ಅವಳು ನೋಡಿದಳು. ತೂತುಗಳು ಹೆಚ್ಚಾಗಿ ಹೆಂಗಸರ ಮೈಯಲ್ಲಿ. ಕೆನ್ನೆ, ಕುತ್ತಿಗೆ, ಮುಂಗೈ. ವಾರವಿಡೀ ಒಂದಷ್ಟು, ಗುರುವಾರ ಮಾತ್ರ ರಾಶಿ. ಯಂತ್ರಕ್ಕೆ ವಾರದ ಲೆಕ್ಕ ಹೇಗೆ ಗೊತ್ತು? ಬೆಳಗಿನ ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ. ಒಂದು ದಿನ ಮಾವನ ತೋಳಿನಲ್ಲಿ ಇಂಜೆಕ್ಷನ್ ಚುಚ್ಚಿದ ಜಾಗ ನೀಲಿಯಿಂದ ಹಸಿರಿಗೆ ತಿರುಗಿದ್ದು ಕಂಡು, ಅವಳ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಚರ್ಮದಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ನಾಲ್ಕೈದು ದಿನಕ್ಕೆ ಒಡೆದು ಹಸಿರಾಗುತ್ತದೆ, ಆಮೇಲೆ ಹಳದಿಯಾಗಿ ಮಾಯವಾಗುತ್ತದೆ. ಆ ಹಸಿರೂ ಬಿಲಿವರ್ಡಿನ್ನೇ, ಬೆಸೆಯಲು ಪ್ರೋಟೀನು ರಕ್ತದಲ್ಲೇ ಇದೆ. ನಮ್ಮ ಕಂದು ಮೈಬಣ್ಣದಲ್ಲಿ ಹತ್ತಿರದಿಂದ ನೋಡದೆ ಅದು ಕಣ್ಣಿಗೆ ಬೀಳುವುದಿಲ್ಲ. ಕೆಂಪು ಬೆಳಕಿಗೆ ಚರ್ಮ ತೆಳು ಪರದೆ. ಶನಿವಾರ ಪಗಾರ, ಶನಿವಾರ ರಾತ್ರಿ ಕುಡಿತ, ಶನಿವಾರ ರಾತ್ರಿಯ ಪೆಟ್ಟು. ಗುರುವಾರಕ್ಕೆ ಅದು ಹಣ್ಣಾಗುತ್ತಿತ್ತು.

ಇನಾಮದಾರರು ವರದಿ ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. "ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದರು.

ಅವಳು ಹೇಳಲಿಲ್ಲ. ಆದರೆ ಯಾವುದೋ ಆಸ್ಪತ್ರೆಯ ನರ್ಸೊಬ್ಬಳಿಗೆ ತಾನಾಗಿ ಹೊಳೆಯಿತು, ಅವಳು ಊರಿಗೆಲ್ಲ ಹೇಳಿದಳು.

ಸುಮಿತ್ರಾ ಮನೆಯಲ್ಲಿ ಕೂತು ಮಕ್ಕಳಿಗೆ ಹಿಂದಿ ಪಾಠ ಹೇಳುತ್ತಿದ್ದಳು. ಮಕ್ಕಳಿಗೆ ಇಷ್ಟವೆಂದು ಹಿಂದೆ ಸಮುದ್ರದಾಳದ ದೃಶ್ಯ ಹಾಕಿಕೊಳ್ಳುತ್ತಿದ್ದಳು. ಒಂದು ಗುರುವಾರ ಪಾಠದ ನಡುವೆ ಅವಳ ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಮೀನೊಂದು ಈಜಿಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗನ ತಾಯಿ ಮಾತ್ರ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಅಂದು ಸಂಜೆ ಹತ್ತಾರು ಹೆಂಗಸರು, ಇಬ್ಬರು ಮೂವರು ಗಂಡಸರು ಬಂದರು. ಆಗಲೇ ಅವರಿಗೆ ಹೆಸರು ಬಿದ್ದಿತ್ತು: ಗುರುವಾರದವರು. ಕಬಡ್ಡಿ ಆಡುವವರನ್ನು, ಬೈಕಿನಿಂದ ಬಿದ್ದವರನ್ನು ವಿಚಾರಿಸಿ ಬಿಡುತ್ತಿದ್ದರು, ಉಳಿದವರಿಗೆ ವಿಚಾರಣೆಯಿಲ್ಲ. ಮಧುಮತಿ ಬಾಗಿಲ ಕಿಂಡಿಯಿಂದ ನೋಡಿದಳು. ರಾಜಶೇಖರನನ್ನು ಕಾಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದು ತರುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಅವನ ತಲೆಯ ಹಿಂಭಾಗ ಬಡಿದು ತೆಂಗಿನಕಾಯಿಯ ಸದ್ದು ಬರುತ್ತಿತ್ತು. ಕೆಳಗೆ ಬೈಕುಗಳ ನಡುವೆ ಅವನನ್ನು ಅಂಗಾತ ಕೆಡವಿ, ಒಬ್ಬಳು ಎರಡೂ ಕೈಯಲ್ಲಿ ಬೀಸುಕಲ್ಲಿನ ಮೇಲ್ಹೋಳು ಎತ್ತಿ ಮಂಡಿಯ ಮೇಲೆ ಬಿಟ್ಟಳು. ಅವನು ಬೈಯದ ಮನುಷ್ಯ, ಕಿರುಚಿದ್ದು ಮಾತ್ರ ನಾಲ್ಕು ಓಣಿಗೆ ಕೇಳಿಸಿತು. ಮೇಲಿನಿಂದ ಸುಮಿತ್ರಾ ಕಟಾಂಜನದ ಕಂಬಿ ಹಿಡಿದು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಂತೋಷವೂ ಇರಲಿಲ್ಲ. ಬಹಳ ದಿನ ಭಾರ ಹೊತ್ತವರು ಇಳಿಸಿದ ಮೇಲೆ ಕುತ್ತಿಗೆ ತಿರುಗಿಸಿ ನೋಡಿಕೊಳ್ಳುವಂತೆ ನಿಧಾನಕ್ಕೆ ತಲೆ ಆಚೀಚೆ ಆಡಿಸಿದಳು.

ಆ ರಾತ್ರಿಯಿಂದ ಮೇಲೆ ಸದ್ದಿಲ್ಲ. ರಾಜಶೇಖರ ಊರುಗೋಲಿನ ಮೇಲೆ ಆಸ್ಪತ್ರೆಯಿಂದ ಬಂದ, ಅದೇ ಮನೆಯಲ್ಲೇ ಇದ್ದ. ಪ್ರತಿ ಗುರುವಾರ ಸುಮಿತ್ರಾ ಕ್ಯಾಮೆರಾದ ಮುಂದೆ ಕೂರುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಅವನ ಕೈ ಕಟ್ಟಿದ್ದು ಅದೊಂದೇ.

ತೂತಿನ ದೂರುಗಳನ್ನು ಚುಕ್ಕೆಯಿಟ್ಟು ಗುರುತಿಸಿದ ಪ್ರಯೋಗಾಲಯದ ಗೋಡೆಯ ನಕಾಶೆಯಲ್ಲಿ ಹೆಂಗಸರ ಚುಕ್ಕೆಗಳು ಕರಗುತ್ತಾ ಬಂದವು. ಆದರೆ ಬೇರೆ ಚುಕ್ಕೆಗಳು ಹುಟ್ಟಿದವು. ಗುರುವಾರದವರು ಹೊಡೆದ ಗಂಡಸರದು, ಮಂಗಳವಾರಕ್ಕೆ ಹಣ್ಣಾಗುವಂಥವು. ಒಂದು ಊರಿನಲ್ಲಿ ಒಬ್ಬನ ಕಣ್ಣು ಹೋಯಿತು, ಇನ್ನೊಂದರಲ್ಲಿ ಒಬ್ಬ ಸತ್ತ. ಕಂಪನಿಯ ಮಾಲೀಕರಿಗೆ ಬೆವರಿಳಿಯಿತು. ತೂತಿನ ಜಾಗಕ್ಕೆ ಅಕ್ಕಪಕ್ಕದ ಚರ್ಮವನ್ನೇ ನಕಲು ಮಾಡಿ ತುಂಬುವ ತೇಪೆ-ಪ್ರೋಗ್ರಾಮೊಂದನ್ನು ಬರೆಯಲು ಮಧುಮತಿಗೇ ಹೇಳಿದರು. ಅವಳು ಬರೆದಳು. ಆದರೆ ಮಹಿಳಾ ಆಯೋಗ ಅಡ್ಡ ನಿಂತಿತ್ತು: ಹೆಂಗಸರ ಪಾಲಿಗೆ ಈ ತೂತೇ ಸಾಕ್ಷಿ, ಅದು ನಿರಪರಾಧಿಗಳನ್ನು ಸಿಕ್ಕಿಸುತ್ತದೆಂದು ತೋರಿಸುವ ತನಕ ತೇಪೆ ಹಾಕಕೂಡದು.

"ಸಾವಿರ ಬ್ಯಾಡ, ನೂರು ಬ್ಯಾಡ," ಎಂದರು ಇನಾಮದಾರರು ಮೇಜಿಗೆ ಬೆರಳು ಬಡಿಯುತ್ತಾ. "ಒಂದಽ ಒಂದು ಸುಳ್ಳು ತೂತು ಹುಡುಕಿ ಕೊಡ್ರಿ ನನಗ. ಪೆಟ್ಟು ಬೀಳದಽ ಬಿದ್ದ ತೂತು, ಅದರಿಂದ ಪೆಟ್ಟು ತಿಂದ ಒಬ್ಬ ಅಮಾಯಕ. ಅಷ್ಟಾದ್ರ ಅವತ್ತಽ ಎಲ್ಲಾ ಮುಚ್ಚತೀನಿ."

ಆ ಸುಳ್ಳು ತೂತು ಅವಳ ಮನೆಯಲ್ಲೇ ಹುಟ್ಟಿತು. ಬಚ್ಚಲಿನಲ್ಲಿ ಮಾವನ ಕಾಲು ಜಾರಿ, ಬೀಳಲಿದ್ದವರನ್ನು ಅವಳು ರಟ್ಟೆ ಹಿಡಿದು ಎತ್ತಿದಳು. ಪಾರ್ಶ್ವವಾಯು ಮರುಕಳಿಸದಿರಲೆಂದು ಅವರು ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರು. ಅಂಥವರ ಮೈಗೆ ಹಿಡಿತವೂ ಪೆಟ್ಟೇ. ಭಾನುವಾರ ಗದಗಿನಿಂದ ನಾದಿನಿ ಶಶಿಕಲಾ ಎಂದಿನಂತೆ ಕರೆ ಮಾಡಿದಳು. ಮಾವ ಬನಿಯನ್ನಿನಲ್ಲಿ ಕೂತಿದ್ದರು. ಪರದೆಯ ಮೇಲೆ ಅವರ ರಟ್ಟೆಯಲ್ಲಿ ಸಾಲಾಗಿ ನಾಲ್ಕು ಉದ್ದನೆಯ ತೂತು. ಅವುಗಳೊಳಗಿಂದ ಹಿಂದಿನ ಹೂದೋಟದ ಕೆಂಪು ಇಣುಕುತ್ತಿತ್ತು. ನಾಲ್ಕು ಬೆರಳು. ಹೆಂಗಸಿನ ಬೆರಳು.

"ವೈನಿ, ಅದೇನದು?" ಶಶಿಕಲಾಳ ದನಿ ತಣ್ಣಗಾಯಿತು.

"ಬಚ್ಚಲದಾಗ ಜಾರಿದ್ರವ್ವಾ. ಹಿಡಕೊಂಡೆ. ಆ ಗುಳಿಗಿ ತಗೊಳ್ಳೋದಕ್ಕ..."

"ಹಾಂ. ಜಾರಿದ್ರು." ಪರದೆ ಕಪ್ಪಾಯಿತು.

ಅಂದೇ ಇನಾಮದಾರರಿಗೆ ಒಂದು ಸಾಲು ಬರೆದಿದ್ದರೆ ಅವಳು ಪೆಟ್ಟಿನಿಂದ ಉಳಿಯುತ್ತಿದ್ದಳು. ಬುಧವಾರ ಸಂಜೆ ಬರೆಯಲೆಂದೇ ಕೂತಳು. ಆಗ ಮೇಲಿನಿಂದ ಸುಮಿತ್ರಾ ಏನನ್ನೋ ಕುಟ್ಟುತ್ತಾ ಹಾಡಿಕೊಳ್ಳುವುದು ಕೇಳಿಸಿತು. ರಾಗ ಎಲ್ಲೆಲ್ಲೋ ಹೋಗುತ್ತಿತ್ತು. ಇಷ್ಟು ವರ್ಷದಲ್ಲಿ ಆ ಮನೆಯಿಂದ ಹಾಡು ಕೇಳಿದ್ದು ಅದೇ ಮೊದಲು. ನಾಳೆ ಬರೆದರಾಯಿತು ಎಂದು ಮಧುಮತಿ ಎದ್ದುಬಿಟ್ಟಳು.

ಗುರುವಾರ ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ಅವಳು ಮಾವನಿಗೆ ಹಾಲು-ಅನ್ನ ಕಲಸುತ್ತಿದ್ದಳು. ಎಲ್ಲರ ಮುಂದೆ ಶಶಿಕಲಾ, ಕಣ್ಣು ಕೆಂಪಗೆ ಊದಿದ್ದವು. ಅವಳ ಪಕ್ಕದಲ್ಲಿ, ಕೈಯಲ್ಲಿ ಲಟ್ಟಣಿಗೆ ಹಿಡಿದು, ಸುಮಿತ್ರಾ.

"ಗುಳಿಗಿಂದ ಆಗೈತ್ರಿ. ಡಾಕ್ಟರ್ ಚೀಟಿ ಐತಿ, ತೋರಸ್ತೀನಿ," ಎಂದಳು ಮಧುಮತಿ. ತನ್ನ ದನಿಯೇ ತನಗೆ ಸುಳ್ಳುಗಾರ್ತಿಯ ದನಿಯಂತೆ ಕೇಳಿಸಿತು.

"ನನ್ನ ಗಂಡನೂ ಹೇಳ್ತಿದ್ದ, ರಕ್ತ ಕಡಿಮಿ ಆಕಿಗೆ ಅಂತ," ಎಂದಳು ಸುಮಿತ್ರಾ. ಹಿಂದಿನವರು ನಕ್ಕರು.

"ಸುಮಿತ್ರಾ, ನಾ ಅಂಥಾಕಿ ಅಲ್ಲ. ನಿನಗ ಗೊತ್ತಲ್ಲ."

"ನೀ ಎಂಥಾಕಿ ಅಂತ ನನಗ ಚಲೋ ಗೊತ್ತು. ಮ್ಯಾಲ ನನ್ನ ತಲಿ ನೆಲಕ್ಕ ಬಡದಾಗೆಲ್ಲಾ ಕೆಳಗ ನಿನ್ನ ಫ್ಯಾನ್ ಜೋರಾಗ್ತಿತ್ತು. ಒಂದ ರಾತ್ರಿನೂ ತಪ್ಪಿಲ್ಲ."

ಮಧುಮತಿ ಚೀಟಿ ತರಲೆಂದು ತಿರುಗಿದಳು. ಲಟ್ಟಣಿಗೆ ಎಡಗೆನ್ನೆಗೆ ಬಿತ್ತು. ಒಳಗೆ ಹಲ್ಲೊಂದು ಲಟಕ್ಕೆಂದದ್ದು ಕಿವಿಗಿಂತ ಮೊದಲು ನಾಲಗೆಗೆ ತಿಳಿಯಿತು. ಹಾಲು-ಅನ್ನದ ತಟ್ಟೆ ನೆಲಕ್ಕೆ ಬಿದ್ದು ಸುತ್ತಿತು. ಯಾರೋ ಜಡೆ ಹಿಡಿದು ಜಗ್ಗಿದರು, ಯಾರೋ ಪಕ್ಕೆಗೆ ಒದ್ದರು. ಉಸಿರು ಹೊರಗೆ ಹೋಗಿ ಒಳಗೆ ಬರುವುದನ್ನೇ ಮರೆಯಿತು. ಹೊರಗೆ ಎಳೆಯುವಾಗ ಅವಳು ಬಾಗಿಲ ಚೌಕಟ್ಟನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದಳು.

"ಇದಾ ಆ ಕೈ?" ಎಂದು ಸುಮಿತ್ರಾ ಕೇಳಿದಳು. ಶಶಿಕಲಾ ಅಳುತ್ತಲೇ ಹೌದೆಂದು ತಲೆಯಾಡಿಸಿದಳು. ಸುಮಿತ್ರಾ ಎರಡೂ ಕೈಯಿಂದ ಬಾಗಿಲನ್ನು ಬೀಸಿ ಹಾಕಿದಳು. ಎಳೆ ಸೌತೆಕಾಯಿ ಮುರಿದಂಥ ಸದ್ದಾಯಿತು. ಮತ್ತೆ ತೆರೆದು ಮತ್ತೆ ಹಾಕಿದಳು.

"ವಿಶ್ರಾಮ್!"

ಮೈದಾನದ ಆ ತುದಿಗೂ ಕೇಳಿಸುವಂಥ ಡ್ರಿಲ್ ಮಾಸ್ತರರ ದನಿ. ಎಲ್ಲರೂ ಒಂದು ಗಳಿಗೆ ನಿಂತುಬಿಟ್ಟರು. ಮಾವ ಮಂಚದಿಂದ ಉರುಳಿ, ಒಂದೇ ಮೊಣಕೈ ಊರಿಕೊಂಡು ನೆಲದ ಮೇಲೆ ತೆವಳಿ ಬರುತ್ತಿದ್ದರು. ಬಾಯಿಂದ ಜೊಲ್ಲು, ಕಣ್ಣಿಂದ ನೀರು. "ವಿಶ್ರಾಮ್! ವಿಶ್ರಾಮ್!"

ಶಶಿಕಲಾ ಓಡಿ ಹೋಗಿ ತಬ್ಬಿಕೊಂಡಳು. "ನೋಡ್ರೆವ್ವಾ, ನಮ್ಮಪ್ಪನ್ನ ಎಷ್ಟು ಅಂಜಿಸಿ ಇಟ್ಟಾಳ!" ಎಂದು ಗೋಳಾಡಿದಳು. ಆಮೇಲೆ ಬಿದ್ದ ಪೆಟ್ಟುಗಳು ಮಧುಮತಿಗೆ ಸರಿಯಾಗಿ ನೆನಪಿಲ್ಲ.

ಶಶಿಕಲಾ ಅಪ್ಪನನ್ನು ಗದಗಿಗೆ ಕರೆದೊಯ್ದಳು. ಮಧುಮತಿಯ ಮೂರು ಬೆರಳು ಮುರಿದಿದ್ದವು. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದ ಹುಡುಗಿ ಏನನ್ನೂ ಕೇಳಲಿಲ್ಲ. ಇನಾಮದಾರರಿಂದ ಸಂದೇಶ ಬಂತು: ಮುಂದಿನ ಗುರುವಾರ ಆಯೋಗದವರ ಜೊತೆ ಕೊನೆಯ ಮಾತುಕತೆ, ನೀವು ಇರಲೇಬೇಕು.

ಖಾಲಿ ಮನೆಯಲ್ಲಿ ಮಲಗಿ ಅವಳು ಲೆಕ್ಕ ಹಾಕಿದಳು. ಪೆಟ್ಟು ಬೀಳದೆ ಬಿದ್ದ ತೂತು, ಅದರಿಂದ ಪೆಟ್ಟು ತಿಂದ ಅಮಾಯಕ. ಇನಾಮದಾರರು ಕೇಳಿದ ಸಾಕ್ಷಿ ಈಗ ತಾನೇ. ಬಾಯಿಬಿಟ್ಟರೆ ಸಾಕು, ತನ್ನ ಹೆಸರಿಗೆ ಅಂಟಿದ ಹೇಸಿಗೆ ತೊಳೆದುಹೋಗುತ್ತದೆ, ಸುಮಿತ್ರಾ ಜೈಲಿಗೆ ಹೋಗುತ್ತಾಳೆ, ಅವತ್ತೇ ಎಲ್ಲ ತೂತುಗಳೂ ಮುಚ್ಚುತ್ತವೆ. ಆ ಯೋಚನೆ ಅವಳಿಗೆ ಸಿಹಿಯಾಗೇ ಇತ್ತು. ಮುರಿದ ಬೆರಳು ಜುಮ್ಮೆಂದಾಗಲೆಲ್ಲ ಇನ್ನೂ ಸಿಹಿಯಾಗುತ್ತಿತ್ತು.

ಬುಧವಾರ ಸಂಜೆ ಫೋನು ಬಂತು. ಶಶಿಕಲಾ. ಅವಳು ಕ್ಯಾಮೆರಾವನ್ನು ಅಪ್ಪನ ಕಡೆ ತಿರುಗಿಸಿದಳು, ಅಷ್ಟೆ. ಮಾವನ ಇನ್ನೊಂದು ತೋಳಿನಲ್ಲಿ ಹೊಸದಾಗಿ ನಾಲ್ಕು ತೂತು, ಬೆನ್ನಿನ ಪಕ್ಕದಲ್ಲಿ ಅಂಗೈಯಗಲ ಇನ್ನೊಂದು.

"ನಾ ಬರೇ ಎತ್ತಿ ಕೂಡ್ರಿಸಿದ್ದು ವೈನಿ," ಎಂದಳು ಶಶಿಕಲಾ. "ದೇವರಾಣಿ, ಬರೇ ಎತ್ತಿದ್ದು. ನಾಳೆ ಗುರುವಾರ. ನಮ್ಮ ಮನಿಯವರು ಆಫೀಸಿನ ಮೀಟಿಂಗಿಗೆ ಇದಽ ಖೋಲ್ಯಾಗ ಕುಂದರತಾರ, ಹಿಂದ ಅಪ್ಪ ಕಾಣ್ತಾನ."

ಮಧುಮತಿ ಊದಿದ ತುಟಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಂಡಳು.

"ರಟ್ಟಿ ಹಿಡಿದು ಎತ್ತಬ್ಯಾಡ," ಎಂದಳು. "ದಪ್ಪನ್ನ ಟವಲ್ ಕಂಕುಳಾಗ ಹಾಯಿಸಿ, ಎರಡೂ ತುದಿ ಹಿಡಿದು ಎತ್ತು. ನಾಳೆ ಮಾವಾರ್ನ ಒಳಗಿನ ಖೋಲ್ಯಾಗ ಮಲಗಿಸು."

ಆ ಕಡೆಯಿಂದ ಬಿಕ್ಕು ಮಾತ್ರ ಕೇಳಿಸಿತು.

ಗುರುವಾರ ಬೆಳಗ್ಗೆ ಕ್ಯಾಮೆರಾದ ಮುಂದೆ ಕೂತಾಗ ಪರದೆಯಲ್ಲಿ ಅವಳಿಗೆ ಅವಳೇ ಕಂಡಳು. ಹಿಂದೆ ಕಂಪನಿಯ ನೀಲಿ ಆಕಾಶ. ಪೆಟ್ಟು ಆಳದ್ದು, ವಾರವಾದರೂ ಹಸಿರು ಆರಿರಲಿಲ್ಲ: ಎಡಗೆನ್ನೆ ಪೂರ್ತಿ ಇರಲಿಲ್ಲ. ಅಲ್ಲಿ ಹತ್ತಿಯಂಥ ಮೋಡವೊಂದು ನಿಧಾನವಾಗಿ ತೇಲಿ ಹೋಗುತ್ತಿತ್ತು. ಕುತ್ತಿಗೆಯಲ್ಲಿ ಎರಡು ಕಡೆ ಆಕಾಶ.

ಇನಾಮದಾರರ ಕಣ್ಣು ಮೊದಲು ಗಾಬರಿಯಿಂದ, ಮರುಕ್ಷಣ ಬೇರೆಯೇ ಒಂದು ಬೆಳಕಿನಿಂದ ಅಗಲವಾದವು. "ಮಧುಮತಿಯವರ! ಯಾರು ಇದನ್ನ... ಗುರುವಾರದವರೇನು? ಹೇಳ್ರಿ, ಎಲ್ಲಾರ ಮುಂದ ಹೇಳ್ರಿ!"

ಆಯೋಗದ ಅಧ್ಯಕ್ಷೆ ನರೆಗೂದಲಿನ ಹೆಂಗಸು. ಮುಂದಕ್ಕೆ ಬಾಗಿ ಕೇಳಿದರು. "ನಿಮ್ಮ ಮುಖಕ್ಕೆ ಏನಾಯಿತಮ್ಮ? ಹೆದರಬೇಡಿ."

ಹೊರಗೆ ಮೆಟ್ಟಿಲಲ್ಲಿ ಊರುಗೋಲು ಟಕ್ ಟಕ್ ಎನ್ನುತ್ತಾ ಮೇಲೆ ಹೋಯಿತು. ರಾಜಶೇಖರನ ನಡಿಗೆ ದಿನೇದಿನೇ ಚುರುಕಾಗುತ್ತಿತ್ತು. ಕೆಲ ತಿಂಗಳಿಗೆ ಕೋಲೂ ಬೇಡವಾಗುತ್ತದೆ.

"ಮೆಟ್ಟಿಲ ಮೇಲಿಂದ ಬಿದ್ದೆ," ಎಂದಳು ಮಧುಮತಿ.

ಅಧ್ಯಕ್ಷೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಎಷ್ಟು ಸಾವಿರ ಹೆಂಗಸರ ಬಾಯಿಂದ ಅದೇ ಮಾತು ಕೇಳಿದ್ದರೋ. "ಬಿದ್ದದ್ದೋ?"

"ಹೌದ್ರಿ. ಕತ್ತಲಿತ್ತು."

"ಹಾಗಾದರೆ ನೀವು ಹೇಳುವ ಅಮಾಯಕ ಸಾಕ್ಷಿ ಇವರಲ್ಲ," ಎಂದರು ಅವರು, ಇನಾಮದಾರರ ಕಡೆ ತಿರುಗಿ. "ನಿಮ್ಮ ಹತ್ತಿರ ಬೇರೆ ಯಾರಾದರೂ ಇದ್ದಾರೆಯೇ?"

ಇರಲಿಲ್ಲ. ತೇಪೆ ಕಪಾಟಿನಲ್ಲೇ ಉಳಿಯಿತು.

ಗುರುಶಾಂತ ಮೂರು ಊರು ಸುತ್ತಿ ಮನೆಗೆ ಬಂದಾಗ ರಾತ್ರಿಯಾಗಿತ್ತು. ಚೀಲ ಇಳಿಸಿ, ಹೆಂಡತಿಯ ಮುಖ ನೋಡಿ, ಅಲ್ಲೇ ಕುರ್ಚಿಯ ಅಂಚಿನಲ್ಲಿ ಕುಸಿದ. "ಶಶಿ ಮೊದಲ ಏನೋ ಒಂದು ಹೇಳಿದ್ಲು, ನಾ ನಂಬಲಿಲ್ಲ. ನಿನ್ನೆ ಅಳ್ಕೋತ ಫೋನ್ ಮಾಡಿ, ಅದೆಲ್ಲಾ ಸುಳ್ಳಣ್ಣಾ, ವೈನೀನ್ನಽ ಕೇಳು ಅಂದ್ಲು. ಏನಾತು ಮಧೂ? ಯಾರು ಕೈ ಮಾಡಿದ್ರು?"

ಹೇಳಿದರೆ ಅವನು ಸುಮ್ಮನಿರುವವನಲ್ಲ. ಮೇಲಿನ ಮನೆಯ ಬಾಗಿಲಿಗೆ ಹೋಗುತ್ತಾನೆ, ಆಮೇಲೆ ಪೊಲೀಸರು, ಆಮೇಲೆ ಪತ್ರಿಕೆ, ಆಮೇಲೆ ಇನಾಮದಾರರು. ಹೇಳದಿದ್ದರೆ ಮುಂದಿನ ಗುರುವಾರ ಇನ್ನೊಬ್ಬ ಅಮಾಯಕಳ ಬೆರಳು ಯಾವುದೋ ಬಾಗಿಲಿಗೆ ಸಿಕ್ಕಬಹುದು. ಅದೂ ಅವಳಿಗೆ ಗೊತ್ತಿತ್ತು. ಅದರ ಸಂಕಟ ಅವಳನ್ನು ಇನ್ನು ಬಿಡುವಂಥದಲ್ಲ.

ಉತ್ತರ ಕೊಡುವ ಮೊದಲು ಅವಳು ಎದ್ದು, ಎಡಗೈಯಿಂದ ಫ್ಯಾನು ಬಂದ್ ಮಾಡಿದಳು. ರೆಕ್ಕೆಗಳು ನಿಧಾನಿಸಿ ನಿಂತವು. ಕತ್ತೆತ್ತಿ ಛಾವಣಿಗೆ ಕಿವಿಗೊಟ್ಟಳು. ಮೇಲೆ ಯಾರೋ ನೀರು ಕುಡಿದು ಲೋಟ ಇಟ್ಟರು. ದೀಪದ ಗುಂಡಿ ಚಿಟಕ್ಕೆಂದಿತು. ಅಷ್ಟೇ.

"ಯಾರೂ ಇಲ್ಲ," ಎಂದಳು. "ಮೆಟ್ಟಿಲ ಮ್ಯಾಲಿಂದ ಬಿದ್ದೆ. ನೀವು ಕೈಕಾಲು ತೊಳಕೋರಿ, ಊಟಕ್ಕ ಹಾಕತೀನಿ."